ಪದಕದ ಜೊತೆ ಕೆಲಸವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಮಹಿಳಾ ವಿಜ್ಞಾನಿಗಳ ಅಂಕಣದಲ್ಲಿ ಫ್ರೆಂಚ್ ಖಭೌತ ವಿಜ್ಞಾನಿ ಫ್ರಾನ್ಸ್ವಾಜ್ ಕೋಂಬ್ ಅವರ ಪರಿಚಯ ಬಂದಿತ್ತು. ಊರಿನಿಂದ ಅಮ್ಮ ಅದರ ಫೋಟೊ ತೆಗೆದು ಕಳಿಸಿದ್ದರು. ಕೆಳಗೆ ‘ನಿಮ್ಮ ಪ್ಯಾರಿಸ್‌ನವರಂತೆ, ನೋಡು’ ಅಂತ ಬರೆದಿದ್ದರು. ನಾನು ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಒಂದು ಕಚೇರಿಯ ಲೆಕ್ಕಪತ್ರ ನೋಡಿಕೊಳ್ಳುವವಳು, ವಿಜ್ಞಾನಿ ಅಲ್ಲ. ಆದರೆ ಕೋಂಬ್ ಅವರ ಪಾಠವನ್ನು ಎದುರಿಗೇ ಕೂತು ಕೇಳಿದ್ದೇನೆ. ಆ ಧೈರ್ಯದಲ್ಲಿ ಈ ಪತ್ರ ಬರೆಯುತ್ತಿದ್ದೇನೆ.

1952ರಲ್ಲಿ ಫ್ರಾನ್ಸ್‌ನ ಮೊಂಪೆಲ್ಯೇಯಲ್ಲಿ ಹುಟ್ಟಿದ್ದು, 2020ರಲ್ಲಿ ಇಲ್ಲಿನ ಸರಕಾರಿ ಸಂಶೋಧನಾ ಸಂಸ್ಥೆ ಸಿಎನ್‌ಆರ್‌ಎಸ್‌ನ ಚಿನ್ನದ ಪದಕ, ಮರುವರ್ಷ ಲೋರಿಯಲ್-ಯುನೆಸ್ಕೊ ಪ್ರಶಸ್ತಿ ಬಂದದ್ದು ಎಲ್ಲವೂ ಲೇಖನದಲ್ಲಿತ್ತು. ಮನೆ, ಕೆಲಸ ಎರಡನ್ನೂ ತೂಗಿಸಿದ ಮಾತೂ ಇತ್ತು. ನನ್ನ ಹದಿಮೂರು ವರ್ಷದ ಮಗಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ‘ಸರಿ ಅಮ್ಮ, ಅವರು ಕಂಡುಹಿಡಿದದ್ದು ಏನು?’ ಅಂದಳು. ಮತ್ತೆ ಹುಡುಕಿದೆ. ಆ ಬಗ್ಗೆ ಒಂದು ಸಾಲೂ ಇರಲಿಲ್ಲ.

ನನಗೆ ನಿಜವಾಗಿಯೂ ಬೇಜಾರಾಯಿತು. ಯಾಕೆಂದರೆ ಅವರ ಕೆಲಸ ಮಕ್ಕಳಿಗೂ ಹೇಳಬಹುದಾದಂಥದ್ದು.

ಕೆಲವು ಗ್ಯಾಲಕ್ಸಿಗಳನ್ನು ಮಗ್ಗುಲಿನಿಂದ ನೋಡಿದರೆ ನಡುಭಾಗ ಥೇಟ್ ಕಡಲೆಕಾಯಿಯ ಹಾಗೆ ಕಾಣುತ್ತದೆ. ಎರಡು ಕಡೆ ಉಬ್ಬು, ನಡುವೆ ಸ್ವಲ್ಪ ತಗ್ಗು. ಯಾಕೆ ಹೀಗೆ? 1981ರಲ್ಲಿ ಕೋಂಬ್ ಮತ್ತು ಇನ್ನೊಬ್ಬ ಖಭೌತ ವಿಜ್ಞಾನಿ ರಾಬರ್ಟ್ ಸ್ಯಾಂಡರ್ಸ್ ಕಂಪ್ಯೂಟರ್‌ನಲ್ಲಿ ಗ್ಯಾಲಕ್ಸಿಯೊಂದನ್ನು ಕಟ್ಟಿ ನೋಡಿದರು. ಚಪ್ಪಟೆ ತಟ್ಟೆಯಾಗಿ ಬಿಡದೆ, ನಕ್ಷತ್ರಗಳಿಗೆ ಮೇಲೆ ಕೆಳಗೆ ಹೋಗಲೂ ಜಾಗ ಕೊಟ್ಟರು. ತಿರುಗುತ್ತಾ ತಿರುಗುತ್ತಾ ನಡುವಿನ ನಕ್ಷತ್ರಗಳು ಉದ್ದನೆಯ ಪಟ್ಟಿಯಾಗಿ ಸೇರಿಕೊಂಡವು. ಆಮೇಲೆ ಆ ಪಟ್ಟಿ ಮೇಲಕ್ಕೂ ಕೆಳಕ್ಕೂ ಉಬ್ಬಿತು. ಮಗ್ಗುಲಿನಿಂದ ನೋಡಿದರೆ ಕಡಲೆಕಾಯಿ!

ಇದರ ಕಾರಣವನ್ನು ಮಗಳಿಗೆ ಉಯ್ಯಾಲೆ ಇಟ್ಟುಕೊಂಡು ವಿವರಿಸಿದೆ. ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದರೆ ಉಯ್ಯಾಲೆ ಪ್ರತಿ ಸಲವೂ ಇನ್ನಷ್ಟು ಮೇಲೇರುತ್ತದೆ, ಅಲ್ವಾ? ನಕ್ಷತ್ರಗಳು ಮೇಲೆ ಕೆಳಗೆ ಆಡುವ ಲಯಕ್ಕೆ ಪಟ್ಟಿಯ ಎಳೆತದ ಲಯ ಹೊಂದಿಕೊಂಡಾಗಲೂ ಹಾಗೆಯೇ. ನಮ್ಮ ಆಕಾಶಗಂಗೆಯ ನಡುವೆಯೂ ಇಂಥದ್ದೇ ಕಡಲೆಕಾಯಿ ಇದೆ. ಮಗಳು ತಕ್ಷಣ ಪೆನ್ಸಿಲ್ ಹಿಡಿದು ಅದನ್ನು ಬರೆಯತೊಡಗಿದಳು. ಲೇಖನದಲ್ಲಿ ಪದಕದ ಚಿತ್ರದ ಪಕ್ಕ ಇಂಥ ಒಂದು ಚಿತ್ರಕ್ಕೂ ಜಾಗ ಆಗುತ್ತಿತ್ತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ನಕ್ಷತ್ರ ಹುಟ್ಟುವುದು ತಣ್ಣನೆಯ ಹೈಡ್ರೋಜನ್ ಅನಿಲದಲ್ಲಿ. ಆದರೆ ಆ ಚಳಿಯಲ್ಲಿ ಹೈಡ್ರೋಜನ್ ಅಣು ಸುಮ್ನೆ ಇದ್ದುಬಿಡುತ್ತದೆ, ತಾನಿದ್ದೇನೆ ಅಂತ ಸುಳಿವೇ ಕೊಡುವುದಿಲ್ಲ. ಅದರ ಜೊತೆ ಒಂದಿಷ್ಟು ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು 2.6 ಮಿಲಿಮೀಟರ್ ಉದ್ದದ ರೇಡಿಯೊ ಅಲೆ ಹೊರಡಿಸುತ್ತದೆ. ಆ ಅಲೆಯ ಜಾಡು ಹಿಡಿದರೆ ಕಾಣದ ಹೈಡ್ರೋಜನ್ ಎಲ್ಲಿದೆ, ಎಷ್ಟಿದೆ ಅಂತ ಅಂದಾಜು ಸಿಗುತ್ತದೆ. ಬೇರೆ ಬೇರೆ ಗ್ಯಾಲಕ್ಸಿಗಳಲ್ಲಿ ಈ ಜಾಡು ಹಿಡಿದು ಹೋಗುವುದರಲ್ಲೇ ಕೋಂಬ್ ದಶಕಗಳನ್ನು ಕಳೆದಿದ್ದಾರೆ.

1996ರಲ್ಲಿ ಅವರು ಮತ್ತು ಖಗೋಳ ವಿಜ್ಞಾನಿ ಟಾಮಿ ವಿಕ್ಲಿಂಡ್ ಮಾಡಿದ್ದನ್ನೇ ನೋಡಿ. ಕ್ವೇಸಾರ್ ಅಂದರೆ ತುಂಬಾ ಪ್ರಖರವಾಗಿ ಹೊಳೆಯುವ ಗ್ಯಾಲಕ್ಸಿಯ ನಡುಭಾಗ. ಬಹುದೂರದ ಒಂದು ಕ್ವೇಸಾರ್‌ನ ಬೆಳಕನ್ನು ಮಧ್ಯದಲ್ಲಿರುವ ಗ್ಯಾಲಕ್ಸಿಯೊಂದು ತನ್ನ ಗುರುತ್ವದಿಂದ ಬಗ್ಗಿಸುತ್ತಿತ್ತು. ಆ ಗ್ಯಾಲಕ್ಸಿ ಎಷ್ಟು ದೂರ? ಅದು ನಮ್ಮ ಆಕಾಶಗಂಗೆಯ ದೂಳಿನ ಹಿಂದೆ ಇದ್ದದ್ದರಿಂದ ಮಾಮೂಲಿ ದೂರದರ್ಶಕಗಳಿಗೆ ಎಟುಕುತ್ತಿರಲಿಲ್ಲ. ಇವರಿಬ್ಬರು ರೇಡಿಯೊ ಅಲೆಗಳತ್ತ ತಿರುಗಿದರು. ಕ್ವೇಸಾರ್‌ನಿಂದ ಬರುವ ಅಲೆಗಳಲ್ಲಿ ಆ ಗ್ಯಾಲಕ್ಸಿಯ ಅಣುಗಳು ಕೆಲವನ್ನು ಹೀರಿಕೊಂಡಿದ್ದವು. ಹೀರಿಕೊಂಡ ಜಾಗದ ಗುರುತುಗಳಿಂದಲೇ ಲೆಕ್ಕ ಹಾಕಿದರು. ಅಲ್ಲಿಂದ ಹೊರಟ ಅಲೆ ನಮ್ಮನ್ನು ಮುಟ್ಟಲು ಸುಮಾರು 700 ಕೋಟಿ ವರ್ಷ ಹಿಡಿದಿತ್ತು. ದಿನವಿಡೀ ಖರ್ಚು-ಜಮೆ ತಾಳೆ ನೋಡುವ ನನಗೆ, ಇಲ್ಲದೆ ಹೋದದ್ದರ ಗುರುತಿನಿಂದ ಮಾಡಿದ ಈ ಲೆಕ್ಕ ಎಷ್ಟು ಸಲ ನೆನೆದರೂ ಮೈ ಜುಮ್ಮೆನ್ನುತ್ತದೆ.

ಅವರ ಪಾಠ ಕೇಳಿದ್ದು ಕೊಲೇಜ್ ದ ಫ್ರಾನ್ಸ್‌ನಲ್ಲಿ. 1530ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಫೀಸಿಲ್ಲ, ಪರೀಕ್ಷೆ ಇಲ್ಲ, ಹೆಸರು ನೋಂದಾಯಿಸಬೇಕಾಗಿಯೂ ಇಲ್ಲ. ಯಾರು ಬೇಕಾದರೂ ಹೋಗಿ ಕೂರಬಹುದು. 2014ರಲ್ಲಿ ಕೋಂಬ್ ಅಲ್ಲಿ ಗ್ಯಾಲಕ್ಸಿ ಮತ್ತು ವಿಶ್ವವಿಜ್ಞಾನದ ಪ್ರಾಧ್ಯಾಪಕ ಪೀಠಕ್ಕೆ ಬಂದರು. ನಾನು ಹೋದ ದಿನ ನನ್ನ ಪಕ್ಕದಲ್ಲಿ ತುಂಬಾ ವಯಸ್ಸಾದ ಹೆಂಗಸೊಬ್ಬರು ಇದ್ದರು. ಮಡಿಲಲ್ಲಿ ಗೆರೆ ಹಾಕಿದ ನೋಟ್‌ಬುಕ್ ಇಟ್ಟುಕೊಂಡು, ತೆರೆಯ ಮೇಲೆ ಬಂದ ಪ್ರತಿ ಚಿತ್ರವನ್ನೂ ಪುಟ್ಟದಾಗಿ ಬರೆದುಕೊಳ್ಳುತ್ತಿದ್ದರು. ನನಗೆ ಪಾಠ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೂ ಮುಂದಿನ ವಾರ ಮತ್ತೆ ಹೋದೆ.

ಕಣ್ಣಿಗೆ ಕಾಣದಿದ್ದರೂ ಗುರುತ್ವದ ಎಳೆತದಿಂದ ಇದೆ ಅಂತ ಊಹಿಸುವ ಕಪ್ಪು ದ್ರವ್ಯದ ವಿಚಾರದಲ್ಲಿ ಅವರು ನಡೆದುಕೊಂಡ ರೀತಿಯನ್ನೂ ನಿಮ್ಮ ಓದುಗರಿಗೆ ಹೇಳಬೇಕಿತ್ತು. ಅದರಲ್ಲಿ ಒಂದು ಪಾಲು ನಮ್ಮ ಕಣ್ಣಿಗೆ ಬೀಳದ ತಣ್ಣನೆಯ ಅನಿಲವೇ ಆಗಿರಬಹುದೇ ಅಂತ 1994ರಲ್ಲಿ ಜೊತೆಗಾರರೊಂದಿಗೆ ಸೇರಿ ಕೇಳಿದರು. ಗುರುತ್ವದ ನಿಯಮವನ್ನೇ ಬದಲಿಸಿದರೆ ಗ್ಯಾಲಕ್ಸಿಗಳು ಹೇಗೆ ನಡೆದುಕೊಳ್ಳುತ್ತವೆ ಅಂತ ಆಮೇಲೆ ಅದನ್ನೂ ಕಂಪ್ಯೂಟರ್‌ನಲ್ಲಿ ಮಾಡಿ ನೋಡಿದರು. ಹೆಚ್ಚಿನವರು ಒಂದು ದಾರಿ ಹಿಡಿದಿದ್ದಾಗ ಉಳಿದ ದಾರಿಗಳನ್ನೂ ನಡೆದು ನೋಡಲು ಎದೆಗಾರಿಕೆ ಬೇಕು.

ದಯವಿಟ್ಟು ಈ ಅಂಕಣ ನಿಲ್ಲಿಸಬೇಡಿ. ಮುಂದಿನ ಸಲ ಪ್ರಶಸ್ತಿಗಳಿಗೆ ಎರಡು ಸಾಲು ಸಾಕು, ಉಳಿದ ಜಾಗದಲ್ಲಿ ಅವರು ಮಾಡಿದ ಕೆಲಸ ಬರಲಿ. ಇನ್ನೊಂದು ಚಿಕ್ಕ ವಿಷಯ. ಲೇಖನದಲ್ಲಿ ‘ಕಾಂಬ್ಸ್’ ಅಂತ ಅಚ್ಚಾಗಿದೆ. ಅವರ ಹೆಸರಿನ ಕೊನೆಯ ಅಕ್ಷರವನ್ನು ಇಲ್ಲಿ ಯಾರೂ ಉಚ್ಚರಿಸುವುದಿಲ್ಲ, ‘ಕೋಂಬ್’ ಅನ್ನುತ್ತಾರೆ. ಫ್ರೆಂಚ್ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಅನುಮಾನ ಬಂದರೆ ನನಗೊಂದು ಮೇಲ್ ಹಾಕಿ. ಆಫೀಸಿನಿಂದ ಬಂದ ಮೇಲೆ, ಅದೇ ದಿನ ಉತ್ತರ ಕಳಿಸುತ್ತೇನೆ.

– ನಿಮ್ಮ ಓದುಗಾರ್ತಿ, ಪ್ಯಾರಿಸ್