ಬೆಟ್ಟ ಹತ್ತುವ ಕಾರುಗಳಿಗೆ ವರ್ಷಕ್ಕೊಂದು ಬೆಳಿಗ್ಗೆ ಕೊಡಿ

ಸಂಪಾದಕರೇ, ನಮಸ್ಕಾರ.

ನಮ್ಮ ತಾಲ್ಲೂಕಿನ ಗುಡ್ಡವೊಂದರಲ್ಲಿ ಹಳೇ ಕಾರುಗಳ ಕ್ಲಬ್‌ನವರು ಸೇರಿದ್ದ ಹಿಲ್ ಕ್ಲೈಂಬ್, ಅಂದರೆ ಗುಡ್ಡ ಹತ್ತುವ ಸ್ಪರ್ಧೆಯ ಬಗ್ಗೆ ಊರಲ್ಲಿ ಒಂದು ಮಾತು ಓಡಾಡುತ್ತಿದೆ. ನಂದಿ ರಸ್ತೆಯಲ್ಲಿ ವೀಲಿಂಗ್ ಮಾಡುವ ಹುಡುಗರನ್ನು ಪೊಲೀಸರು ಹಿಡಿಯುತ್ತಾರೆ, ದುಡ್ಡಿರೋರು ಕಾರು ತಂದು ರೇಸ್ ಮಾಡಿದರೆ ಮಾತ್ರ ಸುಮ್ನೆ ಬಿಡುತ್ತಾರೆ ಅಂತ. ಚಹಾ ಅಂಗಡಿಯಲ್ಲೂ ಕೇಳಿದೆ, ವಾಟ್ಸ್ಆ್ಯಪ್‌ನಲ್ಲೂ ಓದಿದೆ. ಆ ದಿನ ನಾನು ಅಲ್ಲೇ ಇದ್ದೆ, ಬೆಳಿಗ್ಗೆಯಿಂದ ಕೊನೇ ಕಾರು ಇಳಿಯುವವರೆಗೂ. ಚಿಕ್ಕಬಳ್ಳಾಪುರದಲ್ಲಿ ಗ್ಯಾರೇಜ್ ಇಟ್ಟಿರುವವನು ನಾನು. ಕ್ಲಬ್‌ನ ಕೆಲವು ಕಾರುಗಳಿಗೆ ಕೈ ಹಾಕಿದ್ದೇನೆ, ಅದಕ್ಕೇ ಕರೆದಿದ್ದರು. ಆದ್ದರಿಂದ ನೋಡಿದ್ದನ್ನು ಬರೆಯುತ್ತೇನೆ, ಜೊತೆಗೆ ಜಿಲ್ಲಾಡಳಿತಕ್ಕೆ ಒಂದು ಬೇಡಿಕೆಯನ್ನೂ ಇಡುತ್ತೇನೆ.

ಮೊದಲು ಅದು ನಡೆದ ಜಾಗ. ಅದು ಸಾರ್ವಜನಿಕ ರಸ್ತೆ ಅಲ್ಲ. ಖಾಸಗಿ ಜಮೀನಿನೊಳಗೆ ಗುಡ್ಡಕ್ಕೆ ಹಾಕಿರುವ ಡಾಂಬರು ದಾರಿ, ಕೆಳಗೆ ಗೇಟ್ ಇದೆ. ಸ್ಪರ್ಧೆ ಹೇಗೆ ಅಂದರೆ, ನಿಂತ ಕಾರು ಕೆಳಗಿಂದ ಹೊರಡಬೇಕು, ಮೇಲಿನ ಗೆರೆ ಮುಟ್ಟುವ ತನಕ ಗಡಿಯಾರ ಓಡುತ್ತದೆ. ಒಂದು ಸಲಕ್ಕೆ ಒಂದೇ ಕಾರು. ಅದು ಮೇಲೆ ತಲುಪಿ ದಾರಿ ಖಾಲಿ ಅಂತ ಸುದ್ದಿ ಬಂದ ಮೇಲೇ ಇನ್ನೊಂದನ್ನು ಬಿಡುತ್ತಾರೆ. ಪಕ್ಕದಲ್ಲಿ ಇನ್ನೊಬ್ಬ ಓಡಿಸುತ್ತಿರುವುದಿಲ್ಲ, ಹಿಂದೆ ಹಾಕಬೇಕಾದವನೂ ಇರುವುದಿಲ್ಲ, ಎದುರಿಂದ ಬಸ್ಸೂ ಬರುವುದಿಲ್ಲ. ಇಂಗ್ಲೆಂಡಿನ ಶೆಲ್ಸ್ಲಿ ವಾಲ್ಶ್ ಅನ್ನೋ ಜಾಗದಲ್ಲಿ 1905ರಿಂದ ಇದೇ ಆಟ ನಡೆಯುತ್ತಿದೆ, ಯುದ್ಧದ ವರ್ಷಗಳಲ್ಲಿ ನಿಂತಿತ್ತು ಅಷ್ಟೇ. ಅಲ್ಲಿನ ದಾರಿ ಬರೀ 1000 ಗಜ, ಅಂದರೆ ಒಂದು ಕಿಲೋಮೀಟರ್ ಕೂಡ ಇಲ್ಲ. ಹಿಲ್ ಕ್ಲೈಂಬ್‌ಗೆ ದೊಡ್ಡ ಟ್ರ್ಯಾಕ್ ಬೇಕಿಲ್ಲ ಅಂತ ಹೇಳುವುದಕ್ಕೆ ಇದನ್ನು ಬರೆದೆ.

ಕಾರುಗಳು ಬೆಂಗಳೂರು ಕಡೆಯಿಂದ ಬಂದವು, ದಾರಿಯಲ್ಲಿ ಮುದ್ದೇನಹಳ್ಳಿಯಲ್ಲಿ ನಿಂತು ವಿಶ್ವೇಶ್ವರಯ್ಯನವರ ಮನೆ ನೋಡಿಕೊಂಡು. ಅಂಬಾಸಿಡರ್, ಫಿಯಟ್, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲೀಸ್ ಜೀಪ್, ಕಾಂಟೆಸ್ಸಾ, ಮೊದಲ ಮಾದರಿಯ ಮಾರುತಿ 800. ಕೋಟಿ ಬೆಲೆಯ ಕಾರು ಒಂದೂ ಇರಲಿಲ್ಲ. ಓಡಿಸುವವರಲ್ಲಿ ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಟ್ಯಾಕ್ಸಿ ಓಡಿಸುತ್ತಿದ್ದವರ ಮಗ ಎಲ್ಲರೂ ಇದ್ದರು. ದುಡ್ಡಿರೋರ ಆಟ ಅನ್ನೋ ಮಾತು ಅಲ್ಲೇ ಬಿದ್ದುಹೋಗುತ್ತೆ, ಅಲ್ವಾ?

ಹೊರಡುವುದಕ್ಕೆ ಮುಂಚೆ ಒಂದೊಂದು ಕಾರನ್ನೂ ತಪಾಸಣೆ ಮಾಡಿದರು. ಬ್ಯಾಟರಿ ಬಿಗಿಯಾಗಿ ಕಟ್ಟಿದೆಯಾ, ಬ್ರೇಕ್ ಆಯಿಲ್ ಸೋರುತ್ತಿದೆಯಾ, ಟೈರ್‌ನಲ್ಲಿ ಬಿರುಕು ಇದೆಯಾ, ಕಾಲು ತೆಗೆದ ತಕ್ಷಣ ಆಕ್ಸಿಲರೇಟರ್ ಪೂರ್ತಿ ವಾಪಸ್ ಬರುತ್ತಾ. ಈ ಕೊನೇದು ತುಂಬಾ ಮುಖ್ಯ. ಹಳೇ ಗಾಡಿಯಲ್ಲಿ ಆ ಸಣ್ಣ ಸ್ಪ್ರಿಂಗ್ ಸೋತಿದ್ದರೆ ತಿರುವಿನಲ್ಲಿ ಎಂಜಿನ್ ಕೂಗುತ್ತಲೇ ಇರುತ್ತೆ, ಡ್ರೈವರ್ ಏನು ಮಾಡೋಕಾಗುತ್ತೆ? ಒಂದು ಫಿಯಟ್ ಇದೇ ಕಾರಣಕ್ಕೆ ಫೇಲ್ ಆಯಿತು, ಸ್ಪ್ರಿಂಗ್ ಬದಲಾಯಿಸಿದ ಮೇಲೇ ಬಿಟ್ಟರು. ಹೆಲ್ಮೆಟ್ ಇಲ್ಲದೆ ಯಾರನ್ನೂ ಗೆರೆ ಹತ್ತಿರ ಬಿಡಲಿಲ್ಲ. ಪ್ರತಿ ತಿರುವಿನಲ್ಲೂ ಬಾವುಟ ಮತ್ತು ಬೆಂಕಿ ನಂದಿಸುವ ಸಿಲಿಂಡರ್ ಹಿಡಿದ ಮಾರ್ಷಲ್ ಇದ್ದರು, ಕೆಳಗೆ ಆ್ಯಂಬುಲೆನ್ಸ್ ಇತ್ತು.

ಗೆರೆ ಮೇಲೆ ನಿಂತಾಗ ಕಾರು ಹಿಂದಕ್ಕೆ ಜಾರದ ಹಾಗೆ ಹಿಂದಿನ ಚಕ್ರಕ್ಕೆ ಮರದ ತುಂಡು ಒತ್ತು ಕೊಡುತ್ತಾರೆ. ಹ್ಯಾಂಡ್‌ಬ್ರೇಕ್ ಗಟ್ಟಿ ಇಲ್ಲದ ಅಂಬಾಸಿಡರ್‌ಗೆ ಅದೇ ದೊಡ್ಡ ಆಸರೆ. 1489 ಸಿಸಿ ಎಂಜಿನ್, ಅಷ್ಟು ಭಾರದ ಬಾಡಿ, ಏರು ಬಂದರೆ ಸೆಕೆಂಡ್ ಗೇರ್‌ನಲ್ಲೇ ಎಳೆಯಬೇಕು. ಫಿಯಟ್‌ನಲ್ಲಿ ಗೇರ್ ಲಿವರ್ ಸ್ಟಿಯರಿಂಗ್ ಪಕ್ಕದಲ್ಲಿ, 1089 ಸಿಸಿ ಎಂಜಿನ್, ಆದರೆ ಹಗುರ ಗಾಡಿ, ಚೆನ್ನಾಗಿ ಹತ್ತಿತು. ಎಲ್ಲರಿಗಿಂತ ಜಾಸ್ತಿ ಖುಷಿ ಕೊಟ್ಟದ್ದು ಹೆರಾಲ್ಡ್. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾರು ಅದು. ಬಾನೆಟ್ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತೆ, ಮುಂದಿನ ಚಕ್ರದ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ತಿರುಗುವುದಕ್ಕೆ ಬರೀ 25 ಅಡಿ ಜಾಗ ಸಾಕು, ಹಾಗಾಗಿ ಬೇರೆಯವರು ಒದ್ದಾಡಿದ ಹೇರ್‌ಪಿನ್ ತಿರುವಿನಲ್ಲಿ ಅದು ಸಲೀಸಾಗಿ ತಿರುಗಿತು. ಆದರೆ ಅದರ ಹಿಂದಿನ ಆಕ್ಸಲ್‌ನ ರೀತಿಯೇ ಬೇರೆ, ತಿರುವಿನ ಮಧ್ಯೆ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತೆ. ಅದನ್ನು ಓಡಿಸಿದ ಮೇಡಂ ವಯಸ್ಸಾದವರು. ತಿರುವಿಗೆ ಮುಂಚೆಯೇ ವೇಗ ಕಡಿಮೆ ಮಾಡಿ, ಒಳಗೆ ಹೋದ ಮೇಲೆ ಒಂದೇ ಸಮ ಕಾಲು ಇಟ್ಟು ತಿರುಗಿಸಿದರು. ಡ್ರೈವಿಂಗ್ ಸ್ಕೂಲ್‌ಗಳು ಹುಡುಗರನ್ನು ಕರೆತಂದು ಅದನ್ನು ತೋರಿಸಬೇಕಿತ್ತು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಹಳೇ ಕಾರುಗಳ ವರ್ಗದಲ್ಲಿ ಬಹುಮಾನ ವೇಗಕ್ಕೆ ಇರಲೇ ಇಲ್ಲ. ಎರಡು ಸಲ ಹತ್ತಬೇಕು, ಎರಡರ ಸಮಯದ ನಡುವೆ ಯಾರಿಗೆ ವ್ಯತ್ಯಾಸ ಕಡಿಮೆಯೋ ಅವರು ಗೆದ್ದ ಹಾಗೆ. ಎಂಜಿನ್ನನ್ನು ಹಿಂಡುವುದರಿಂದ ಏನೂ ಸಿಗುವುದಿಲ್ಲ, ಹಿಡಿತ ಇರಬೇಕು. ವೀಲಿಂಗ್‌ಗೂ ಇದಕ್ಕೂ ಎಲ್ಲಿಯ ಹೋಲಿಕೆ?

ಬಿಸಿಲು ಏರಿದ ಮೇಲೆ ತೊಂದರೆ ಶುರುವಾಯಿತು. ಈ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುತ್ತೆ, ಅದು ಕಾದರೆ ಒಳಗಿನ ಪೆಟ್ರೋಲ್ ಆವಿಯಾಗಿ ಕಾರ್ಬೊರೇಟರ್‌ಗೆ ಹೋಗುವುದೇ ಇಲ್ಲ, ಗಾಡಿ ಕೆಮ್ಮಿ ನಿಂತುಬಿಡುತ್ತೆ. ಹಿಂದಿನವರು ಒದ್ದೆ ಬಟ್ಟೆ ಸುತ್ತಿ ತಣಿಸುತ್ತಿದ್ದರು, ನಾವೂ ಅದನ್ನೇ ಮಾಡಿದೆವು. ಈಗ ಬಂಕ್‌ನಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪ್‌ಗೆ, ಪಂಪ್ ಒಳಗಿನ ಡಯಾಫ್ರಮ್ ಅನ್ನೋ ತೆಳು ಪೊರೆಗೆ ಆಗಿಬರುವುದಿಲ್ಲ. ಹಳೇ ಗಾಡಿ ಇಟ್ಟುಕೊಂಡವರು ಎಥನಾಲ್ ತಡೆಯುವ ಪೈಪ್ ಹಾಕಿಸಿಕೊಳ್ಳಿ, ಒಡೆದ ಪೈಪ್‌ನಿಂದ ಬೆಂಕಿ ಹತ್ತುವ ಅಪಾಯ ಇದೆ. ಇಳಿಯುವಾಗಲೂ ಹುಷಾರಾಗಿರಬೇಕು. ಡ್ರಮ್ ಬ್ರೇಕ್ ಒಂದೇ ಸಮನೆ ಒತ್ತುತ್ತಾ ಬಂದರೆ ಕಾದು ಹಿಡಿತ ಹೋಗುತ್ತೆ. ಹತ್ತಿದ ಗೇರ್‌ನಲ್ಲೇ ಇಳಿಯಿರಿ ಅಂತ ಮಾರ್ಷಲ್‌ಗಳು ಮೇಲೆ ನಿಂತು ಒಬ್ಬೊಬ್ಬರಿಗೂ ಹೇಳಿ ಕಳಿಸಿದರು. ನಂದಿ ಬೆಟ್ಟದಿಂದ ಕುಟುಂಬ ಕೂರಿಸಿಕೊಂಡು ಬ್ರೇಕ್ ಮೇಲೇ ಕಾಲಿಟ್ಟು ಇಳಿಯುವವರಿಗೂ ಇದನ್ನೇ ಹೇಳಬೇಕು.

ನಮ್ಮ ಕಡೆಯ ಒಂದಿಷ್ಟು ಹುಡುಗರು ಬೈಕ್‌ಗಳಲ್ಲಿ ನೋಡುವುದಕ್ಕೆ ಬಂದಿದ್ದರು. ಒಬ್ಬ ಮಾರ್ಷಲ್ ಹತ್ತಿರ ಹೋಗಿ, "ಅಂಕಲ್, ನಾವೂ ಓಡಿಸ್ಬಹುದಾ?" ಅಂತ ಕೇಳಿದ. ಅವರು ಬೈಯಲಿಲ್ಲ. "ಬಾಪ್ಪ, ಮೊದಲು ಬಾವುಟ ಹಿಡಿಯೋದು ಕಲಿ. ಆಮೇಲೆ ಕ್ಲಬ್ ಸೇರಿ ಸ್ಪರ್ಧೆಯ ಲೈಸೆನ್ಸ್ ಮಾಡಿಸ್ಕೋ" ಅಂದರು. ಹುಡುಗ ಮಧ್ಯಾಹ್ನದವರೆಗೂ ಅವರ ಪಕ್ಕ ಬಿಟ್ಟು ಕದಲಲಿಲ್ಲ. ಈ ಪತ್ರ ಬರೆಯಲು ದೊಡ್ಡ ಕಾರಣ ಆ ಹುಡುಗನೇ. ವೇಗದ ಆಸೆ ಇರುವ ಹುಡುಗರಿಗೆ ನಾವು ಬರೀ ದಂಡ ಹಾಕುತ್ತಿದ್ದೇವೆ, ಹೋಗುವುದಕ್ಕೆ ಒಂದು ಜಾಗ ತೋರಿಸಿಲ್ಲ.

ಕಾನೂನು ಏನು ಹೇಳುತ್ತೆ ಅಂತಲೂ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಸರಿಯಾಗಿಯೇ ಇದೆ. ಆದರೆ ಒಪ್ಪಿಗೆ ಕೊಡುವುದಕ್ಕೂ ಅದೇ ಸೆಕ್ಷನ್‌ನಲ್ಲಿ ದಾರಿ ಇದೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಎ ಅಕ್ಷರದ ಬೇರೆ ನಂಬರ್ ತಂದಿತು, ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬೇಕು ಅಂತ ಷರತ್ತು ಹಾಕಿ. ಆ ಗಾಡಿಗಳು ಇಳಿಯುವುದಕ್ಕೆ ಜಾಗವೂ ಬೇಕಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಜಿಲ್ಲಾಧಿಕಾರಿಗಳು, ಪೊಲೀಸರು, ಆರ್‌ಟಿಒ ಮೂವರೂ ಕೂತು ವರ್ಷಕ್ಕೆ ಒಂದು ಬೆಳಿಗ್ಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಸೂಕ್ತವಾದ ಗುಡ್ಡದ ದಾರಿಯೊಂದನ್ನು ಮುಚ್ಚಿ, ಮೋಟಾರ್ ಸ್ಪೋರ್ಟ್ಸ್ ಒಕ್ಕೂಟದ ನಿಯಮದ ಪ್ರಕಾರ ಹಿಲ್ ಕ್ಲೈಂಬ್ ನಡೆಸಲು ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಕೊಡಿಸಲಿ. ಹಳೇ ಕಾರುಗಳಿಗೆ ಒಂದು ವರ್ಗ, ಊರಿನ ಹುಡುಗರ ಬೈಕಿಗೆ ಒಂದು ವರ್ಗ ಇರಲಿ. ಐಟಿಐ ವಿದ್ಯಾರ್ಥಿಗಳನ್ನು ತಪಾಸಣೆ ಕೆಲಸಕ್ಕೆ ಸೇರಿಸಿಕೊಳ್ಳಲಿ. ಎಂಜಿನ್ನಿನ ಕಿಡಿಗೆ ಪಾಯಿಂಟ್ ಸೆಟ್ ಮಾಡುವುದು, ಕಾರ್ಬೊರೇಟರ್ ಬಿಚ್ಚಿ ತೊಳೆಯುವುದು ಬಲ್ಲ ಮೆಕ್ಯಾನಿಕ್‌ಗಳು ಇನ್ನೂ ನಮ್ಮ ನಡುವೆ ಇದ್ದಾರೆ, ಅವರ ಕೈಯಿಂದ ಕಲಿಯಲಿ.

ಆದರೆ ನಂದಿ ಬೆಟ್ಟದಲ್ಲಿ ಮಾತ್ರ ಬೇಡ. ಇದನ್ನು ನಾನು ಕ್ಲಬ್‌ನವರ ಮುಖಕ್ಕೇ ಹೇಳಿದ್ದೇನೆ, ಕೆಲವರಿಗೆ ಬೇಜಾರಾಯಿತು. ಆ ತಿರುವುಗಳನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತೆ ಅನ್ನೋದು ನಿಜ. ಆದರೆ ಅರ್ಕಾವತಿಯಂಥ ಹೊಳೆ ಹುಟ್ಟುವ ಬೆಟ್ಟ ಅದು. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ರಸ್ತೆಯೇ ಮುಚ್ಚಿಹೋಗಿತ್ತು. ವಾರದ ಕೊನೆಯಲ್ಲಿ ಸೂರ್ಯೋದಯ ನೋಡುವವರ ವಾಹನಗಳ ಭಾರವೇ ಅದಕ್ಕೆ ಜಾಸ್ತಿ ಆಗಿದೆ.

ಆಯೋಜಕರಿಗೂ ಒಂದು ಕಟ್ಟುನಿಟ್ಟಿನ ಮಾತು. ಆ ದಿನ ಗುಡ್ಡದ ಒಳಗೆ ಎಲ್ಲಾ ಅಚ್ಚುಕಟ್ಟು, ಹೊರಗೆ ಹಾಗಿರಲಿಲ್ಲ. ಗೇಟ್ ಮುಂದಿನ ಹಳ್ಳಿ ರಸ್ತೆಯಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರಿಂದ ಡೇರಿಗೆ ಹಾಲು ತರುವವರು ಕ್ಯಾನ್ ಹಿಡಿದು ಸುತ್ತಿ ಹೋಗಬೇಕಾಯಿತು, ಹಾಲಿನ ಗಾಡಿ ತಡವಾಯಿತು. ಡೇರಿಯವರು ಅಳತೆ ಮುಗಿಸಿಬಿಟ್ಟರೆ ಆ ಹೊತ್ತಿನ ಹಾಲು ಹಾಕಲು ಬಂದ ಹೆಂಗಸು ಯಾರನ್ನು ಕೇಳಬೇಕು? ಕೆಲವು ಪ್ರೇಕ್ಷಕರು ತಿರುವಿನ ಹೊರಬದಿಯಲ್ಲೇ ಮೊಬೈಲ್ ಹಿಡಿದು ನಿಂತಿದ್ದರು. ಕಾರು ಹಿಡಿತ ತಪ್ಪಿದರೆ ಹೋಗುವುದು ಆ ಕಡೆಗೇ, ಅಲ್ಲಿ ಒಬ್ಬರನ್ನೂ ನಿಲ್ಲಿಸಬಾರದು, ಹಗ್ಗ ಕಟ್ಟಬೇಕು. ಹತ್ತಿರದ ಹಳ್ಳಿಗೆ ಒಂದು ವಾರ ಮುಂಚೆ ಹೋಗಿ ಪಂಚಾಯ್ತಿಯಲ್ಲಿ ಕೂತು ಮಾತಾಡಿ. ಬೆಳಗಿನ ಹಾಲಿನ ಹೊತ್ತು ಮುಗಿದ ಮೇಲೇ ಮೊದಲ ಕಾರು ಬಿಡಿ. ಒಪ್ಪಿಗೆ ಪತ್ರದಲ್ಲಿ ಅಧಿಕಾರಿಗಳು ಈ ಷರತ್ತನ್ನು ಬರೆದೇ ಕೊಡಲಿ.

ಪತ್ರ ಉದ್ದ ಆಗಿದೆ ಅಂತ ಗೊತ್ತು ಸಂಪಾದಕರೇ. ಜಾಗ ಸಾಲದಿದ್ದರೆ ಕಾರುಗಳ ವರ್ಣನೆ ಕತ್ತರಿಸಿ, ಹಾಲಿನ ಡೇರಿ ಮತ್ತು ಹುಡುಗರ ವಿಷಯ ಮಾತ್ರ ದಯವಿಟ್ಟು ಬಿಡಬೇಡಿ.

ಇಂತಿ,
ಒಬ್ಬ ಗ್ಯಾರೇಜ್ ಮೆಕ್ಯಾನಿಕ್, ಚಿಕ್ಕಬಳ್ಳಾಪುರ