ದೇವರ ಪರವಾಗಿ ಸುಳ್ಳು ಯಾಕೆ?

ಮಾನ್ಯ ಸಂಪಾದಕರೇ,

ಚಾರ್ಲ್ಸ್ ಡಾರ್ವಿನ್ ಕೊನೆಗಾಲದಲ್ಲಿ ವಿಕಾಸವಾದವನ್ನು ಕೈಬಿಟ್ಟು ಯೇಸುವನ್ನು ನಂಬಿದರು ಎಂಬ ಕಥೆ ಮೊನ್ನೆ ಮತ್ತೆ ಚರ್ಚಿನ ಒಂದು ಪ್ರಸಂಗದಲ್ಲಿ ಕಿವಿಗೆ ಬಿತ್ತು. ನಾನು ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಭಾನುವಾರ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಸತ್ಯವೇದ ಹೇಳಿಕೊಡುತ್ತೇನೆ. ಈ ಕಥೆ ನನ್ನ ಎರಡೂ ಕೆಲಸಕ್ಕೆ ಅವಮಾನ.

ಅದರ ಹುಟ್ಟು ಗುಟ್ಟೇನಲ್ಲ. ಲೇಡಿ ಹೋಪ್ ಎಂಬ ಇಂಗ್ಲಿಷ್ ಸುವಾರ್ತಾ ಪ್ರಚಾರಕಿ ಹೇಳಿದ್ದನ್ನು 1915ರಲ್ಲಿ ಬಾಸ್ಟನ್‌ನ ಬ್ಯಾಪ್ಟಿಸ್ಟ್ ಪತ್ರಿಕೆಯೊಂದು ಅಚ್ಚು ಹಾಕಿತು. ಡಾರ್ವಿನ್ ತೀರಿಕೊಂಡು ಆಗಲೇ 33 ವರ್ಷ ಆಗಿತ್ತು. ತಾನು ನೋಡಲು ಹೋದಾಗ ಅವರು ಹಾಸಿಗೆಯಲ್ಲಿ ಕೂತು ಸತ್ಯವೇದದಲ್ಲಿನ ‘ಇಬ್ರಿಯರಿಗೆ ಬರೆದ ಪತ್ರಿಕೆ’ ಓದುತ್ತಿದ್ದರು ಎಂದು ಆಕೆಯ ಮಾತು. 1922ರಲ್ಲಿ ಮಗಳು ಹೆನ್ರಿಯೆಟಾ ಇದನ್ನು ಸಾರಾಸಗಟಾಗಿ ಅಲ್ಲಗಳೆದರು. ತಂದೆ ಸಾಯುವಾಗ ಹತ್ತಿರ ಇದ್ದವಳು ತಾನು, ಆ ಹೆಂಗಸು ಇರಲೇ ಇಲ್ಲ, ತಂದೆ ತಮ್ಮ ವೈಜ್ಞಾನಿಕ ವಿಚಾರ ಯಾವುದನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ ಎಂದು ಬರೆದರು. ಬರೆದದ್ದು ಒಂದು ಕ್ರೈಸ್ತ ಪತ್ರಿಕೆಗೇ! ನೂರು ವರ್ಷ ದಾಟಿದರೂ ಆ ಮಾತು ನಮ್ಮವರ ಕಿವಿಗೆ ಬಿದ್ದಿಲ್ಲ.

ಇದರಲ್ಲಿ ನನಗೆ ಜಾಸ್ತಿ ನೋವಾಗುವುದು ಬೇರೆ ವಿಷಯಕ್ಕೆ. ಈ ಕಟ್ಟುಕಥೆಯ ಗಲಾಟೆಯಲ್ಲಿ ನಿಜವಾದ ಡಾರ್ವಿನ್ ಕಾಣುವುದೇ ಇಲ್ಲ. ಅವರ ಹೆಂಡತಿ ಎಮ್ಮಾ ದೈವಭಕ್ತೆ. ಮದುವೆಯಾದ ಹೊಸತರಲ್ಲಿ ಗಂಡನ ಸಂಶಯಗಳನ್ನು ಕಂಡು ಕಳವಳಪಟ್ಟು ಅವರಿಗೊಂದು ಕಾಗದ ಬರೆದರು. ಡಾರ್ವಿನ್ ಅದನ್ನು ಜೋಪಾನವಾಗಿ ಇಟ್ಟುಕೊಂಡರು. ನಾನು ಸತ್ತ ಮೇಲೆ ನಿನಗೆ ಗೊತ್ತಿರಲಿ, ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಎಂದು ಅದರ ಮೇಲೆ ಬರೆದಿಟ್ಟರು. ಅಷ್ಟಾದರೂ ಅವರಿಗೆ ನಂಬಲು ಆಗಲಿಲ್ಲ. ದೇವರೇ ಇಲ್ಲ ಎನ್ನುವ ನಾಸ್ತಿಕ ತಾನಲ್ಲ, ಅಜ್ಞೇಯವಾದಿ (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು) ಎಂದರೆ ಸರಿಹೋದೀತು ಎಂದು 1879ರ ಒಂದು ಪತ್ರದಲ್ಲಿ ಹೇಳಿದ್ದಾರೆ. ಅವರನ್ನು ಹೀಗೆ ಇದ್ದಂತೆಯೇ ಮಕ್ಕಳ ಮುಂದೆ ಇಟ್ಟರೆ ನಮಗೇನು ಭಯ?

‘ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು’ ಎಂಬ ಆಜ್ಞೆಯನ್ನು ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ನೆರೆಯವನು ನಮ್ಮ ಪಂಗಡದವನೇ ಆಗಿರಬೇಕು ಅಂತ ಎಲ್ಲಿಯೂ ಇಲ್ಲ. 1563ರ ಹೈಡೆಲ್ಬರ್ಗ್ ಪ್ರಶ್ನೋತ್ತರ ಎಂಬ ಪ್ರಾಟೆಸ್ಟಂಟ್ ಬೋಧನಾ ಪುಸ್ತಕ ಇದೇ ಆಜ್ಞೆಯನ್ನು ವಿವರಿಸುತ್ತಾ, ಯಾರ ಮಾತನ್ನೂ ತಿರುಚಬೇಡ, ಕೇಳಿ ವಿಚಾರಿಸದೆ ಯಾರನ್ನೂ ತಪ್ಪಿತಸ್ಥ ಅನ್ನಬೇಡ ಎನ್ನುತ್ತದೆ. ಅದಕ್ಕೂ ಬಹಳ ಹಿಂದೆ, ಸುಮಾರು 420ರಲ್ಲಿ, ಬಿಷಪ್ ಆಗಸ್ಟೀನ್ ಮುಂದೆ ಒಂದು ಉಪಾಯ ಬಂದಿತ್ತು. ಸುಳ್ಳು ಹೇಳಿ ತಮ್ಮ ನಂಬಿಕೆ ಮುಚ್ಚಿಡುವ ಒಂದು ಪಂಥ ಇತ್ತು. ಅವರನ್ನು ಹಿಡಿಯಲು ನಾವೂ ಅವರಂತೆ ನಟಿಸೋಣವೇ ಎಂದು ಒಬ್ಬರು ಕೇಳಿದ್ದರು. ಕೂಡದು ಎಂದರು ಆಗಸ್ಟೀನ್. ಬರೀ ಕೂಡದು ಅಂತಲ್ಲ, ಅದಕ್ಕೆಂದೇ ಒಂದು ಪುಸ್ತಕ ಬರೆದರು.

ಸತ್ಯವೇದದಲ್ಲಿ ಬರುವ, ಕಷ್ಟಕ್ಕೆ ಸಿಕ್ಕಿದ ಯೋಬನ ಗೆಳೆಯರನ್ನೂ ನೆನೆಯಿರಿ. ಅವರು ಪುಟಗಟ್ಟಲೆ ದೇವರ ಪರ ವಕಾಲತ್ತು ಮಾಡಿದವರು. ‘ದೇವರಿಗೋಸ್ಕರ ಮೋಸದ ಮಾತಾಡುತ್ತೀರಾ?’ ಎಂದು ಯೋಬ ಕೇಳಿಯೇ ಬಿಡುತ್ತಾನೆ. ಕೊನೆಗೆ ದೇವರ ಸಿಟ್ಟು ತಿರುಗಿದ್ದು ಆ ವಕೀಲರ ಮೇಲೆ.

ಈ ಕಥೆ ಕೇಳಿ ಒಬ್ಬರಾದರೂ ನಂಬಿದರೆ ಒಳ್ಳೆಯದೇ ಅಲ್ವಾ ಎಂದು ಒಬ್ಬರು ನನ್ನನ್ನು ಕೇಳಿದರು. ಹಾಗೆ ನಂಬಿದ ಹುಡುಗ ನಾಳೆ ಕಾಲೇಜಿಗೆ ಹೋಗುತ್ತಾನೆ. ಕಥೆ ಸುಳ್ಳೆಂದು ಅಲ್ಲಿ ಗೊತ್ತಾಗುತ್ತದೆ. ಯೇಸು ಸತ್ತು ಮತ್ತೆ ಎದ್ದರು, ಅವರ ಸಮಾಧಿ ಬರಿದಾಗಿತ್ತು ಎಂದು ಅವನಿಗೆ ಹೇಳಿದವರೂ ನಾವೇ ತಾನೇ? ಅದನ್ನು ಅವನು ಮತ್ತೆ ಯಾಕೆ ನಂಬಬೇಕು?

ಧರ್ಮವನ್ನು ವಿರೋಧಿಸುವ ಆ ಕಡೆಯವರೂ ನಮ್ಮ ಬಗ್ಗೆ ಸುಳ್ಳು ಹಬ್ಬಿಸುತ್ತಾರೆ, ನಿಜ. ಕ್ರೈಸ್ತರೆಲ್ಲ ಮೊದಲಿನಿಂದ ಡಾರ್ವಿನ್ ವಿರೋಧಿಗಳು ಎನ್ನುವುದು ಅಂಥದ್ದೊಂದು. ಅಮೆರಿಕದಲ್ಲಿ ಡಾರ್ವಿನ್ ಪರ ಗಟ್ಟಿಯಾಗಿ ನಿಂತ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಚರ್ಚಿಗೆ ತಪ್ಪದೆ ಹೋಗುವ ಪ್ರೆಸ್ಬಿಟೇರಿಯನ್ ಕ್ರೈಸ್ತ. ಸೃಷ್ಟಿಯಲ್ಲಿ ದೇವರ ಯೋಜನೆ ಇದೆಯೋ ಇಲ್ಲವೋ ಎಂದು ಇಬ್ಬರೂ ಕಾಗದಗಳಲ್ಲಿ ವಾದ ಮಾಡಿದರು. ಒಪ್ಪಂದಕ್ಕೆ ಬರಲಿಲ್ಲ, ಸ್ನೇಹವೂ ಕೆಡಲಿಲ್ಲ. ಆ ಕಡೆಯವರು ಸುಳ್ಳು ಹೇಳಿದರೆ ಇದನ್ನು ತೋರಿಸಿ ತಿದ್ದೋಣ. ಸುಮ್ನೆ ಇನ್ನೊಂದು ಸುಳ್ಳು ಯಾಕೆ?

ನನ್ನ ತರಗತಿಯಲ್ಲಿ ದೊಡ್ಡ ಮಕ್ಕಳು ಚರ್ಚೆ ಮಾಡುವಾಗ ಒಂದು ನಿಯಮ ಇಟ್ಟಿದ್ದೇನೆ. ಎದುರಿನವನು ಹೇಳಿದ್ದನ್ನು ಮೊದಲು ನೀನು ಹೇಳು. ‘ಹೌದು, ನಾನು ಹೇಳಿದ್ದು ಅದೇ’ ಎಂದು ಅವನು ಒಪ್ಪಿದ ಮೇಲೆ ನಿನ್ನ ಉತ್ತರ. ಮಕ್ಕಳಿಗೆ ಇದು ಬೇಗ ಬಂತು. ದೊಡ್ಡವರು ಸ್ವಲ್ಪ ಕಷ್ಟ.

ಈ ಕಥೆಯನ್ನು ವೇದಿಕೆಯಿಂದ ಹೇಳಿದ ಸಭಾಪಾಲಕರಲ್ಲಿ ನನ್ನದೊಂದು ಬೇಡಿಕೆ. ಅದೇ ವೇದಿಕೆಯಿಂದ, ಅಷ್ಟೇ ಗಟ್ಟಿ ದನಿಯಲ್ಲಿ, ಇದು ನಿಜವಲ್ಲ ಎಂದು ಮುಂದಿನ ಆರಾಧನೆಯಲ್ಲಿ ಹೇಳಲಿ. ಹೆನ್ರಿಯೆಟಾ ಬರೆದದ್ದರ ಪ್ರತಿ ಬೇಕಿದ್ದರೆ ನಾನೇ ತಂದು ಕೊಡುತ್ತೇನೆ.

ಇಂತಿ,
ನಿವೃತ್ತ ಜೀವಶಾಸ್ತ್ರ ಶಿಕ್ಷಕಿ