ಗ್ರಿನೆಲ್‌ಗೆ ಅರ್ಜಿ ಹಾಕುವ ಮುಂಚೆ

ಪುಟ್ಟಿ,

ಗ್ರಿನೆಲ್ ಎಲ್ಲಿದೆ ಅಂತ ನೆಂಟರು ಕೇಳುತ್ತಾರೆ, ಕೇಳಲಿ. ಅಮೆರಿಕದ ಅಯೋವಾ ರಾಜ್ಯದ ಮೆಕ್ಕೆಜೋಳದ ಹೊಲಗಳ ನಡುವೆ ಸುಮಾರು 9,500 ಜನರ ಊರು. ಅಲ್ಲಿನ ಗ್ರಿನೆಲ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು 1,700ರ ಆಸುಪಾಸು. ಇಂಟೆಲ್ ಸ್ಥಾಪಕರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ ಡಿಗ್ರಿ ಓದಿದ್ದು ಅಲ್ಲೇ. ಸ್ನಾತಕೋತ್ತರ ತರಗತಿಗಳಿಲ್ಲ, ಹಾಗಾಗಿ ಪ್ರೊಫೆಸರರ ಸಮಯವೆಲ್ಲ ಡಿಗ್ರಿ ಮಕ್ಕಳಿಗೇ. ನನಗೆ ಹಿಡಿಸಿದ್ದು ಇದೇ.

ತೊಂದರೆ ಬರುವುದೂ ಚಿಕ್ಕದಾಗಿರುವುದರಿಂದಲೇ. ಇಂಥ ಕಾಲೇಜುಗಳ ವಿಭಾಗದಲ್ಲಿ ಕೆಲವೇ ಮೇಷ್ಟ್ರುಗಳು. ಮೇಲಿನ ಹಂತದ ಕೋರ್ಸು ಎಷ್ಟೋ ಸಲ ವರ್ಷ ಬಿಟ್ಟು ವರ್ಷ ನಡೆಯುತ್ತದೆ. ಕಲಿಸುವವರು ಸಬ್ಯಾಟಿಕಲ್ ರಜೆ (ಸಂಶೋಧನೆಗೆಂದು ಸಿಗುವ ದೀರ್ಘ ರಜೆ) ಹಾಕಿದರೆ, ಅಥವಾ ಅದೇ ಸೆಮಿಸ್ಟರ್ ನೀನು ವಿದೇಶದಲ್ಲಿ ಓದಲು ಹೋದರೆ, ಆ ಕೋರ್ಸು ನಿನಗೆ ತಪ್ಪಿದಂತೆಯೇ. ಕ್ಯಾಟಲಾಗ್ ನಂಬಬೇಡ, ಅದರಲ್ಲಿ ಎಲ್ಲ ಕೋರ್ಸೂ ಇರುತ್ತದೆ. ಕಳೆದ ನಾಲ್ಕು ಸೆಮಿಸ್ಟರಿನ ವೇಳಾಪಟ್ಟಿ ತೆಗೆದು, ಫಿಸಿಕ್ಸಿನ ಮೇಲಿನ ಹಂತದ ಪ್ರತಿ ಕೋರ್ಸಿನ ಎದುರು ಯಾವಾಗ ನಡೆಯಿತು, ಯಾರು ಕಲಿಸಿದರು ಅಂತ ಬರೆದುಕೊ. ಖಾಲಿ ಉಳಿದ ಸಾಲುಗಳ ಬಗ್ಗೆ ವಿಭಾಗಕ್ಕೇ ಇಮೇಲ್ ಮಾಡಿ ಕೇಳು.

ಅಲ್ಲಿ ಎಲ್ಲರಿಗೂ ಕಡ್ಡಾಯವಾದ ಕೋರ್ಸ್ ಒಂದೇ, ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್, ಅಂದರೆ ಚಿಕ್ಕ ಗುಂಪಿನಲ್ಲಿ ಓದಿ, ಬರೆದು, ಚರ್ಚಿಸುವ ತರಗತಿ. ಅದನ್ನು ಕಲಿಸುವವರೇ ನೀನು ಮೇಜರ್ (ಪದವಿಯ ಮುಖ್ಯ ವಿಷಯ) ಆರಿಸುವ ತನಕ ಸಲಹೆಗಾರರು. ಪದವಿಗೆ 124 ಕ್ರೆಡಿಟ್, ಸಾಮಾನ್ಯವಾಗಿ ಕೋರ್ಸಿಗೆ 4. ಇಷ್ಟು ಸ್ವಾತಂತ್ರ್ಯವಿದ್ದಾಗ ಮಕ್ಕಳು ಎಡವುವುದು ಗಣಿತದಲ್ಲಿ. ಮೊದಲ ವರ್ಷ ಕ್ಯಾಲ್ಕುಲಸ್ ಮುಂದೂಡಿದರೆ ಅದನ್ನು ಆಧರಿಸಿದ ಫಿಸಿಕ್ಸ್ ಕೋರ್ಸುಗಳೆಲ್ಲ ಒಂದೊಂದಾಗಿ ಹಿಂದೆ ಸರಿಯುತ್ತವೆ.

ಡೆಮೊಯ್ನ್ ವಿಮಾನ ನಿಲ್ದಾಣ ಸುಮಾರು 90 ಕಿ.ಮೀ. ದೂರ. ಡಿಸೆಂಬರಿನ ಟಿಕೆಟ್ ತೆಗೆಯುವ ಮೊದಲು ಅಲ್ಲಿಗೆ ಹೋಗುವ ಗಾಡಿಯ ಹೊತ್ತು ನೋಡು. ರಜೆಯಲ್ಲಿ ಹಾಸ್ಟೆಲ್, ಊಟದ ಹಾಲ್ ತೆರೆದಿರುತ್ತವೆಯೇ ಅಂತಲೂ ವಿಚಾರಿಸು. ಕ್ಯಾಂಪಸ್ಸಿನೊಳಗೇ ಗೂಡ್ಸ್ ರೈಲಿನ ಹಳಿ ಹಾದುಹೋಗಿದೆ. ನಿನ್ನ ನಿದ್ದೆ ತೆಳು, ಹಳಿಯಿಂದ ದೂರದ ಕೋಣೆ ಕೇಳು.

ದುಡ್ಡಿನ ವಿಷಯ: ಆಮ್ಹರ್ಸ್ಟ್, ಬೋಡನ್ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳು ಹಣದ ನೆರವು ಕೇಳಿದ್ದಾರೆಯೇ ಅಂತ ನೋಡದೆ ಪ್ರವೇಶ ತೀರ್ಮಾನಿಸುತ್ತವೆ. ಗ್ರಿನೆಲ್ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅರ್ಲಿ ಡಿಸಿಷನ್ (ಸೀಟು ಕೊಟ್ಟರೆ ಇಲ್ಲಿಗೇ ಬರುತ್ತೇನೆ ಅಂತ ಒಪ್ಪಿ ಮುಂಚೆಯೇ ಹಾಕುವ ಅರ್ಜಿ) ಹಾಕಿ ಸೀಟು ಸಿಕ್ಕರೆ ಬೇರೆ ಅರ್ಜಿಗಳನ್ನೆಲ್ಲ ಹಿಂತೆಗೆಯಬೇಕು. ಆದ್ದರಿಂದ ನಾವು ಕೊಡಬಲ್ಲ ಮೊತ್ತ ತೀರ್ಮಾನವಾಗುವ ತನಕ ಆ ಗುಂಡಿ ಒತ್ತಬೇಡ.

ಕೋರ್ಸುಗಳ ಪಟ್ಟಿ ಶನಿವಾರದೊಳಗೆ ಕಳಿಸು, ಭಾನುವಾರ ಫೋನಿನಲ್ಲಿ ಒಟ್ಟಿಗೆ ನೋಡೋಣ.

ಅಪ್ಪ